ಪಾಂಡಾಸ್‌ನಿಂದ ಡೇಟಾಬೇಸಿಗೆ: ಯಾವ ದಾರಿ ಕೂಗಿ ತಪ್ಪುತ್ತದೆ, ಯಾವುದು ಸದ್ದಿಲ್ಲದೆ?

ಹೋದ ಮಳೆಗಾಲ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ದರ, ತೂಕದ ವರದಿ ಮಾಡಿಕೊಡುತ್ತಿದ್ದೆ. ‘ಸರಕು’ ಎಂಬ ಬಗೆಯ ಅಡಿಕೆಯ ಬಗ್ಗೆ ಸಾಹುಕಾರರ ಪ್ರಶ್ನೆ ಸುಲಭದ್ದು: ‘ಸರಕಿಗೆ ಅತಿ ಹೆಚ್ಚು ದರ ಬಿದ್ದ ಐದು ದಿನ ಯಾವ್ದು, ನೋಡಿ ಹೇಳಿ.’ ನನ್ನ ಲ್ಯಾಪ್‌ಟಾಪಿನಲ್ಲಿ ಪಾಂಡಾಸ್ (ಪೈಥಾನ್ ಭಾಷೆಯಲ್ಲಿ ಟೇಬಲ್ ಲೆಕ್ಕ ಮಾಡುವ ಸಾಧನ) ಕೋಡು ಐದೂ ದಿನವನ್ನು ಸರಿಯಾಗಿ ತೋರಿಸುತ್ತಿತ್ತು. ಅದನ್ನೇ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಕೇಳುವ ಪ್ರಶ್ನೆಯಾಗಿ, ಅಂದರೆ ಕ್ವೆರಿಯಾಗಿ ಬರೆದು ಸರ್ವರಿಗೆ ಹಾಕಿದೆ. ಮರುದಿನದ ವರದಿಯಲ್ಲಿ ಐದು ದಿನಾಂಕ ಇದ್ದವು, ದರದ ಜಾಗ ಐದಕ್ಕೈದೂ ಖಾಲಿ. ‘ಏನು ಮಾರಾಯ್ರೆ, ವ್ಯಾಪಾರವೇ ಆಗದ ದಿನ ದರ ಜಾಸ್ತಿನಾ?’ ಅಂದರು.

ರಾಶಿ, ಬೆಟ್ಟೆ, ಗೊರಬಲು, ಸರಕು ಈ ನಾಲ್ಕೂ ಬಗೆಯ ಅಡಿಕೆ ದಿನಾ ಮಾರುಕಟ್ಟೆಗೆ ಬರುವುದಿಲ್ಲ. ಬಾರದ ದಿನ ಆ ದರದ ಜಾಗದಲ್ಲಿ ನಲ್, ಅಂದರೆ ‘ಖಾಲಿ’ ಎಂಬ ಗುರುತು ಕೂತಿರುತ್ತದೆ. ಪಾಂಡಾಸ್ ಏರಿಕೆಯಲ್ಲಿ ಜೋಡಿಸಿದರೂ ಇಳಿಕೆಯಲ್ಲಿ ಜೋಡಿಸಿದರೂ ಖಾಲಿಯನ್ನು ಕೊನೆಗೇ ತಳ್ಳುತ್ತದೆ. ಪೋಸ್ಟ್‌ಗ್ರೆಸ್ ಹಾಗಲ್ಲ, ಅದರ ಪಾಲಿಗೆ ನಲ್ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಇಳಿಕೆಯ ಜೋಡಣೆಯಲ್ಲಿ ಮೊದಲ ಪಂಕ್ತಿಗೆ ಅದೇ ಬಂದು ಕೂರುತ್ತದೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎಂಬ ಬೇರೆ ಡೇಟಾಬೇಸುಗಳಿಗೆ ಅದೇ ನಲ್ ಎಲ್ಲಕ್ಕಿಂತ ಚಿಕ್ಕದು. ಕ್ವೆರಿಯ ಕೊನೆಗೆ ‘ನಲ್ಸ್ ಲಾಸ್ಟ್’ ಎಂದು ಎರಡು ಪದ ಸೇರಿಸಿದೆ, ಸರಿಹೋಯಿತು.

ಈ ತಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಕಣ್ಣಿಗೆ ಬಿತ್ತು. ಸಿಟ್ಟಿರುವುದು ಅದೇ ವರದಿಯ ಇನ್ನೊಂದು ಕಾಲಮ್ಮಿನಲ್ಲಿ ಮೂರು ವಾರ ಯಾರಿಗೂ ಕಾಣದೆ ಕೂತಿದ್ದ ತಪ್ಪಿನ ಮೇಲೆ; ಅದರ ಕಥೆ ಐಬಿಸ್ ಎಂಬ ಸಾಧನದ ಸರದಿ ಬಂದಾಗ ಹೇಳುತ್ತೇನೆ. ಅಂದಿನಿಂದ ಯಾರಾದರೂ ‘ಡೇಟಾಫ್ರೇಮ್ (ಪಾಂಡಾಸ್‌ನಂಥ ಸಾಧನಗಳು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಟೇಬಲ್) ಕೋಡನ್ನು ಡೇಟಾಬೇಸಿಗೆ ಒಯ್ಯಲು ಯಾವ ಸಾಧನ ಒಳ್ಳೆಯದು’ ಎಂದರೆ ವೇಗ, ಬರೆಯುವ ಸುಖ ಎಲ್ಲ ಆಮೇಲಿನ ಮಾತು. ತಪ್ಪಾದಾಗ ಅದು ಕೂಗುತ್ತದೋ ಇಲ್ಲವೋ ಎಂಬುದೇ ನನ್ನ ಮೊದಲ ಪ್ರಶ್ನೆ. ಈ ಹೋಲಿಕೆಯೂ ಅದೇ ಅಳತೆಗೋಲಿನದು.

ಒಯ್ಯಲೇಬೇಕಾ?

ಮೊದಲ ಆಯ್ಕೆ ಏನೂ ಮಾಡದಿರುವುದು. ಟೇಬಲನ್ನು ಇಡಿಯಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಪಾಂಡಾಸ್‌ನಲ್ಲೇ ಲೆಕ್ಕ ಮುಗಿಸುವುದು. ಅನುವಾದವೇ ಇಲ್ಲದಿದ್ದರೆ ಅನುವಾದದ ತಪ್ಪೂ ಇಲ್ಲ. ಇದನ್ನು ಕೀಳೆಂದು ನೋಡುವವರು ಬಹಳ, ನಾನು ಅವರಲ್ಲಿ ಒಬ್ಬನಲ್ಲ. ಒಂದು ಮಂಡಿಯ ಹತ್ತು ವರ್ಷದ ದಿನವಹಿ ದರ ಎಂದರೆ ಕೆಲವು ಸಾವಿರ ಸಾಲು. ಅದಕ್ಕೆ ಡೇಟಾಬೇಸ್ ಕ್ವೆರಿ ಹೊಸೆಯುವುದು ಸೊಳ್ಳೆ ಹೊಡೆಯಲು ಕೋವಿ ತಂದ ಹಾಗೆ.

ಮಿತಿ ಇರುವುದು ಎರಡು ಕಡೆ. ಒಂದು ಮೆಮೊರಿ. ಪಾಂಡಾಸ್ ಕಟ್ಟಿದ ವೆಸ್ ಮೆಕಿನ್ನಿ 2017ರಲ್ಲಿ ತಾವೇ ಬರೆದ ಅಂದಾಜಿನ ಪ್ರಕಾರ ದತ್ತಾಂಶದ ಗಾತ್ರದ 5ರಿಂದ 10 ಪಟ್ಟು ರ್‍ಯಾಮ್ ಬೇಕು. ಚೀಲ ಚೀಲದ ತೂಕ, ರೈತರ ಖಾತೆ, ಹಲವು ಮಾರುಕಟ್ಟೆಗಳ ದರ ಎಲ್ಲ ಸೇರಿದರೆ 8 ಜಿಬಿ ಲ್ಯಾಪ್‌ಟಾಪು ಬೇಗ ಸುಸ್ತಾಗುತ್ತದೆ. ಇನ್ನೊಂದು ನಮ್ಮೂರಿನದೇ ಮಿತಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮಲಗುತ್ತದೆ. ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಅಂಥ ದಿನ ಎರಡು ಜಿಬಿ ಇಳಿಸುವುದಕ್ಕಿಂತ ಒಂದು ಪುಟ್ಟ ಕ್ವೆರಿ ಕಳಿಸಿ ಇಪ್ಪತ್ತು ಸಾಲಿನ ಉತ್ತರ ತರಿಸಿಕೊಳ್ಳುವುದು ವಾಸಿ. ಈ ಎರಡು ಕಾರಣ ಇಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಪಾಂಡಾಸ್‌ನಲ್ಲೇ ಇರಿ.

ಕೈಯಾರೆ ಎಸ್‌ಕ್ಯೂಎಲ್

ಎರಡನೆಯದು ಹಳೆಯ ದಾರಿ: ಪಾಂಡಾಸ್ ಕೋಡನ್ನು ಪಕ್ಕಕ್ಕಿಟ್ಟುಕೊಂಡು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ನಾವೇ ಬರೆಯುವುದು. ಓಡುವುದು ಏನೆಂದು ಕಣ್ಣೆದುರೇ ಇರುತ್ತದೆ, ನಡುವೆ ದುಭಾಷಿ ಇಲ್ಲ. ಆದರೆ ಇಲ್ಲಿ ದುಭಾಷಿ ನಾವೇ. ಎಸ್‌ಕ್ಯೂಎಲ್ ಮತ್ತು ಪಾಂಡಾಸ್ ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಕೊಡುವ ಕಡೆಗಳನ್ನು ಬಾಯಿಪಾಠ ಮಾಡಿರಬೇಕು.

ಮುಖ್ಯವಾಗಿ ನಲ್. ‘ರಾಶಿ ಅಲ್ಲದ ಎಲ್ಲ ಲಾಟು ಕೊಡು’ ಎಂದು ಪಾಂಡಾಸ್‌ನಲ್ಲಿ != ಹಾಕಿದರೆ ಅಡಿಕೆಯ ಬಗೆಯನ್ನೇ ಬರೆಯದ ಲಾಟುಗಳೂ ಬರುತ್ತವೆ. ಖಾಲಿ ರಾಶಿಯಲ್ಲ ತಾನೇ, ಅದರ ಲೆಕ್ಕ ಅಷ್ಟು. ಎಸ್‌ಕ್ಯೂಎಲ್‌ನಲ್ಲಿ <> ಹಾಕಿದರೆ ಆ ಲಾಟುಗಳು ಮಾಯ, ಏಕೆಂದರೆ ಅಲ್ಲಿ ನಲ್ ಜೊತೆಗಿನ ಯಾವ ಹೋಲಿಕೆಗೂ ‘ಹೌದು’ ಇಲ್ಲ, ‘ಇಲ್ಲ’ವೂ ಇಲ್ಲ, ‘ಗೊತ್ತಿಲ್ಲ’ ಮಾತ್ರ ಇದೆ. ‘ಗೊತ್ತಿಲ್ಲ’ ಎಂದ ಸಾಲನ್ನು ಕ್ವೆರಿಯಲ್ಲಿ ಸಾಲು ಆರಿಸುವ ‘ವೇರ್’ ಒಳಗೆ ಬಿಡುವುದಿಲ್ಲ. (ಪಾಂಡಾಸ್‌ನಲ್ಲೇ ಖಾಲಿಗೆ ಎನ್‌ಎ ಎಂಬ ಗುರುತು ಬಳಸುವ ಬಗೆಯ ಕಾಲಮ್ ಆದರೆ ಅದೂ ಆ ಸಾಲನ್ನು ಕೈಬಿಡುತ್ತದೆ. ಒಂದೇ ಮನೆಯಲ್ಲಿ ಎರಡು ಪಂಚಾಂಗ.) ‘ಈ ಪಟ್ಟಿಯಲ್ಲಿ ಇಲ್ಲದ್ದು ಕೊಡು’ ಎನ್ನುವ ‘ನಾಟ್ ಇನ್’ ಇನ್ನೂ ಒರಟು. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಒಂದು ಸಾಲೂ ಬರುವುದಿಲ್ಲ. ಆದರೆ ಪೂರ್ತಿ ಖಾಲಿ ಫಲಿತಾಂಶ ಕೂಗುವ ತಪ್ಪು, ಬೇಗ ಸಿಗುತ್ತದೆ. ‘ನಾಟ್ ಎಕ್ಸಿಸ್ಟ್ಸ್’ ಎಂದು ಬದಲಿಸಿದರೆ ಮುಗಿಯಿತು.

ಗುಂಪು ಮಾಡುವಾಗ ಉಲ್ಟಾ. ಪಾಂಡಾಸ್‌ನ ಗ್ರೂಪ್‌ಬೈ ಖಾಲಿ ಕೀಲಿಯ ಸಾಲುಗಳನ್ನು ತಾನಾಗಿಯೇ ಬಿಸಾಡುತ್ತದೆ. ಎಸ್‌ಕ್ಯೂಎಲ್ ಅವನ್ನು ಒಂದು ಗುಂಪಾಗಿ ಉಳಿಸಿಕೊಳ್ಳುತ್ತದೆ. ಜೋಡಿಸುವಾಗ ಮತ್ತೆ ಉಲ್ಟಾ. ಪಾಂಡಾಸ್‌ನ ಮರ್ಜ್ ಖಾಲಿಯನ್ನು ಖಾಲಿಗೆ ಹೊಂದಿಸುತ್ತದೆ, ಎಸ್‌ಕ್ಯೂಎಲ್‌ನ ಜಾಯಿನ್ ಹೊಂದಿಸುವುದಿಲ್ಲ. ಖಾತೆ ಸಂಖ್ಯೆ ಬರೆಯದ 30 ಲಾಟು, ಖಾತೆ ಸಂಖ್ಯೆ ಬರೆಯದ 4 ರೈತರು ಇದ್ದರೆ ಪಾಂಡಾಸ್ 120 ಸಾಲು ಹುಟ್ಟಿಸುತ್ತದೆ. ಈ ವಿಷಯದಲ್ಲಿ ನನ್ನ ವೋಟು ಎಸ್‌ಕ್ಯೂಎಲ್‌ಗೆ. ‘ಪಾಂಡಾಸ್ ಉತ್ತರವೇ ಸರಿ, ಕ್ವೆರಿ ಅದಕ್ಕೆ ಹೊಂದಬೇಕು’ ಎಂಬ ಹಟದಿಂದ ಕೆಲವರು ಇಂಥ ತಪ್ಪನ್ನೂ ಶ್ರದ್ಧೆಯಿಂದ ಅನುವಾದ ಮಾಡುತ್ತಾರೆ.

ಮೊತ್ತದಲ್ಲೂ ಒಂದು ಸಣ್ಣ ಮುಳ್ಳು ಇದೆ. ಇಡೀ ತಿಂಗಳು ಗೊರಬಲು ಬಂದೇ ಇಲ್ಲವೆನ್ನಿ. ಎಲ್ಲ ಖಾಲಿಗಳ ಮೊತ್ತ ಪಾಂಡಾಸ್‌ನಲ್ಲಿ 0, ಎಸ್‌ಕ್ಯೂಎಲ್‌ನಲ್ಲಿ ನಲ್. ಆ ನಲ್ ಅನ್ನು ಮುಂದೆ ಬೇರೆ ಮೊತ್ತಕ್ಕೆ ಕೂಡಿಸಿದರೆ ಅದೂ ನಲ್.

ಸಂಖ್ಯೆಗಳ ವಿಷಯ ಬೇಗ ಮುಗಿಸುತ್ತೇನೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ಗಳಲ್ಲಿ ಪೂರ್ಣಾಂಕ 5 / 2 ಅಂದರೆ 2, ಮೈಎಸ್‌ಕ್ಯೂಎಲ್‌ನಲ್ಲಿ 2.5. ಪೈಥಾನ್‌ನಲ್ಲಿ -7 % 3 ಅಂದರೆ 2, ಪೋಸ್ಟ್‌ಗ್ರೆಸ್‌ನಲ್ಲಿ -1. 2.5 ಅನ್ನು ಪಾಂಡಾಸ್ 2ಕ್ಕೆ ಇಳಿಸುತ್ತದೆ, ಪೋಸ್ಟ್‌ಗ್ರೆಸ್‌ನ ನ್ಯೂಮರಿಕ್ 3ಕ್ಕೆ ಏರಿಸುತ್ತದೆ. ‘ಲಾಗ್’ ಪೈಥಾನ್‌ನಲ್ಲೂ ಮೈಎಸ್‌ಕ್ಯೂಎಲ್‌ನಲ್ಲೂ ಸ್ವಾಭಾವಿಕ ಲಾಗರಿದಮ್, ಪೋಸ್ಟ್‌ಗ್ರೆಸ್‌ನಲ್ಲಿ 10ರ ಮೂಲದ್ದು. ‘ಎಸ್‌ಟಿಡಿ’ ಪಾಂಡಾಸ್‌ನಲ್ಲಿ ಮಾದರಿಯ ವಿಚಲನೆ, ಮೈಎಸ್‌ಕ್ಯೂಎಲ್‌ನಲ್ಲಿ ಇಡೀ ಸಮೂಹದ್ದು. ಇವೆಲ್ಲ ಸದ್ದಿಲ್ಲದ ಜಾತಿ.

ಸರದಿಯ ವಿಷಯ ಮಾತ್ರ ನಿಧಾನಕ್ಕೆ ನೋಡಬೇಕು. ಡೇಟಾಫ್ರೇಮಿನ ಸಾಲುಗಳಿಗೆ ಒಂದು ಸರದಿ ಇದೆ, ಟೇಬಲ್ಲಿಗೆ ಇಲ್ಲ. ‘ಮೊದಲ ಹತ್ತು’, ‘ಹಿಂದಿನ ಸಾಲು’, ‘ಇಲ್ಲಿಯವರೆಗಿನ ಮೊತ್ತ’ ಎಂದೆಲ್ಲ ಪಾಂಡಾಸ್‌ನಲ್ಲಿ ಆರಾಮಾಗಿ ಬರೆಯುತ್ತೇವಲ್ಲ, ಅವಕ್ಕೆಲ್ಲ ಕ್ವೆರಿಯಲ್ಲಿ ‘ಯಾವ ಸರದಿಯಲ್ಲಿ’ ಎಂದು ಹೇಳಲೇಬೇಕು. ಹೇಳಿದ ಮೇಲೂ ಒಂದು ಹೊಂಡ ಇದೆ. ದಿನಾಂಕದ ಸರದಿಯಲ್ಲಿ ಓಡುವ ಮೊತ್ತ ಕೇಳಿದಿರಿ, ಒಂದೇ ದಿನ ಮೂರು ಲಾಟು ಬಂದಿವೆ ಎಂದುಕೊಳ್ಳಿ. ಎಸ್‌ಕ್ಯೂಎಲ್‌ನ ವಿಂಡೋ ಫಂಕ್ಷನ್ನಿಗೆ (ಓಡುವ ಮೊತ್ತದಂಥ ಲೆಕ್ಕ ಮಾಡುವುದು) ‘ರೋಸ್’, ಅಂದರೆ ಸಾಲು ಸಾಲಾಗಿ ಎಂದು ಹೇಳದಿದ್ದರೆ ಅದು ‘ರೇಂಜ್’, ಅಂದರೆ ಒಂದೇ ದಿನಾಂಕದ್ದೆಲ್ಲ ಒಟ್ಟಿಗೆ ಎಂದುಕೊಳ್ಳುತ್ತದೆ. ಆಗ ಆ ಮೂರೂ ಲಾಟಿನ ಮುಂದೆ ದಿನದ ಕೊನೆಯ ಒಂದೇ ಮೊತ್ತ ಬೀಳುತ್ತದೆ. ಪಾಂಡಾಸ್‌ನ ಕ್ಯುಮ್‌ಸಮ್ ಲಾಟಿಗೊಂದರಂತೆ ಏರುತ್ತದೆ. ತಿಂಗಳ ಕೊನೆಯ ಅಂಕಿ ಎರಡರಲ್ಲೂ ಒಂದೇ ಆದ್ದರಿಂದ ತಾಳೆ ನೋಡುವವರಿಗೂ ಗೊತ್ತಾಗುವುದಿಲ್ಲ.

ಒಂದು ಡೇಟಾಬೇಸು, ಎರಡು ಮೂರು ವರದಿ, ವರ್ಷಗಟ್ಟಲೆ ಬದಲಾಗದ ಕೆಲಸ ಎಂದಾದರೆ ಇದೇ ದಾರಿ ಸಾಕು. ವಾರಕ್ಕೊಂದು ಹೊಸ ಪ್ರಶ್ನೆ ಬರುವಲ್ಲಿ ಬೇಡ, ಕೈ ಸೋಲುತ್ತದೆ.

ಆರ್ ಬಲ್ಲವರಿಗೆ ಡಿಬಿಪ್ಲೈಯರ್

ಆರ್ ಭಾಷೆಯಲ್ಲಿ ಡೇಟಾಫ್ರೇಮ್ ಲೆಕ್ಕಕ್ಕೆ ಬಳಸುವ ಡಿಪ್ಲೈಯರ್ ಅನ್ನು ಹ್ಯಾಡ್ಲಿ ವಿಕಮ್ ಬಿಡುಗಡೆ ಮಾಡಿದ್ದು 2014ರಲ್ಲಿ. ಅದರೊಳಗಿದ್ದ ಡೇಟಾಬೇಸ್ ಭಾಗ 2017ರಲ್ಲಿ ಡಿಬಿಪ್ಲೈಯರ್ ಎಂದು ಬೇರೆ ಮನೆ ಮಾಡಿತು. ಡೇಟಾಫ್ರೇಮಿಗೆ ಬರೆದ ಫಿಲ್ಟರ್, ಮ್ಯುಟೇಟ್, ಸಮ್ಮರೈಸ್ ಸಾಲುಗಳೇ ಡೇಟಾಬೇಸಿನ ಮೇಲೂ ಓಡುತ್ತವೆ. ಒಳಗೆ ಎಸ್‌ಕ್ಯೂಎಲ್ ಹುಟ್ಟುತ್ತದೆ. ‘ಶೋ ಕ್ವೆರಿ’ ಅಂದರೆ ಹುಟ್ಟಿದ್ದು ಏನೆಂದು ತೋರಿಸುತ್ತದೆ.

ನನಗೆ ಇದರಲ್ಲಿ ಇಷ್ಟವಾದದ್ದು ಅದರ ಗೊಣಗಾಟ. ಆರ್‌ನಲ್ಲಿ ಖಾಲಿ ಇರುವ ಕಾಲಮ್ಮಿನ ಮೊತ್ತ ಕೇಳಿದರೆ ಉತ್ತರವೂ ಖಾಲಿ. ಎಸ್‌ಕ್ಯೂಎಲ್ ಖಾಲಿಗಳನ್ನು ಬಿಟ್ಟು ಕೂಡುತ್ತದೆ. ಈ ವ್ಯತ್ಯಾಸ ಇದೆ ಎಂದು ಡಿಬಿಪ್ಲೈಯರ್ ತಾನೇ ಎಚ್ಚರಿಸುತ್ತದೆ. ಸರದಿ ಹೇಳದೆ ಓಡುವ ಮೊತ್ತ ಕೇಳಿದರೆ ‘ಸರದಿ ಎಲ್ಲಿ’ ಎಂದು ಎಚ್ಚರಿಕೆ ಕೊಡುತ್ತದೆ. ಓಡುವ ಮೊತ್ತಕ್ಕೆ ‘ರೋಸ್’ ಎಂದು ತಾನೇ ಬರೆಯುತ್ತದೆ, ಹಾಗಾಗಿ ಮೇಲಿನ ಮೂರು ಲಾಟಿನ ಹೊಂಡ ಇಲ್ಲಿಲ್ಲ. ಮ್ಯುಟೇಟ್‌ನಲ್ಲಿ ಒಂದು ಕಾಲಮನ್ನು ತಿದ್ದಿ ಅದೇ ಸಾಲಿನಲ್ಲಿ ಮತ್ತೆ ಬಳಸಿದರೆ ಒಳಕ್ವೆರಿ ಕಟ್ಟಿ ತಿದ್ದಿದ ಬೆಲೆಯನ್ನೇ ಕೊಡುತ್ತದೆ. ಡಿಪ್ಲೈಯರ್‌ನ ಫಿಲ್ಟರ್ ಮೊದಲಿಂದಲೂ ಖಾಲಿ ಸಾಲನ್ನು ಕೈಬಿಡುವ ಸ್ವಭಾವದ್ದಾದ್ದರಿಂದ, ‘ರಾಶಿ ಅಲ್ಲದ್ದು’ ಪ್ರಶ್ನೆಗೆ ಆರ್‌ನಲ್ಲೂ ಡೇಟಾಬೇಸಿನಲ್ಲೂ ಒಂದೇ ಉತ್ತರ.

ಹಾಗೆಂದು ಕಣ್ಣು ಮುಚ್ಚುವಂತಿಲ್ಲ. ಜೋಡಿಸುವಾಗ ಡಿಪ್ಲೈಯರ್ ಡೇಟಾಫ್ರೇಮಿನಲ್ಲಿ ಖಾಲಿಯನ್ನು ಖಾಲಿಗೆ ಹೊಂದಿಸುತ್ತದೆ, ಡೇಟಾಬೇಸಿನಲ್ಲಿ ಹೊಂದಿಸುವುದಿಲ್ಲ. ಅಂದರೆ ಕೋಡು ಒಂದೇ ಇದ್ದೂ ಸಾಲಿನ ಸಂಖ್ಯೆ ಬೇರೆ ಬರಬಹುದು. ಭಾಗಾಕಾರದಲ್ಲಿ ಅರ್ಧ ಕಾಪಾಡುತ್ತದೆ: 2ರಿಂದ ಭಾಗಿಸು ಎಂದರೆ ಅದನ್ನು 2.0 ಮಾಡಿ ಕಳಿಸುತ್ತದೆ, ಆದರೆ ಎರಡೂ ಕಡೆ ಪೂರ್ಣಾಂಕದ ಕಾಲಮ್ ಇದ್ದರೆ ಪೋಸ್ಟ್‌ಗ್ರೆಸ್ ತನ್ನ ರೂಢಿಯಂತೆ ದಶಮಾಂಶ ನುಂಗುತ್ತದೆ.

ಇದರ ದೊಡ್ಡ ದೋಷ ಬೇರೆ. ತನಗೆ ಅರ್ಥವಾಗದ ಫಂಕ್ಷನ್ ಕಂಡರೆ ಡಿಬಿಪ್ಲೈಯರ್ ಅದನ್ನು ಇದ್ದಂತೆಯೇ ಡೇಟಾಬೇಸಿಗೆ ದಾಟಿಸಿಬಿಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಆ ಹೆಸರಿನ ಫಂಕ್ಷನ್ ಅಲ್ಲಿಲ್ಲದಿದ್ದರೆ ಡೇಟಾಬೇಸೇ ಕೂಗುತ್ತದೆ, ತೊಂದರೆಯಿಲ್ಲ. ಅದೇ ಹೆಸರಿನಲ್ಲಿ ಬೇರೆ ಅರ್ಥದ್ದು ಇದ್ದರೆ ಕಷ್ಟ. ಆದರೆ ಇದೇ ದೋಷ ಒಮ್ಮೊಮ್ಮೆ ಉಪಕಾರ ಕೂಡ: ಪೋಸ್ಟ್‌ಗ್ರೆಸ್‌ಗೆ ಮಾತ್ರ ಗೊತ್ತಿರುವ ಫಂಕ್ಷನ್ನನ್ನು ಆರ್ ಕೋಡಿನೊಳಗೇ ನೇರ ಕರೆಯಬಹುದು.

ಪೈಥಾನ್‌ನವರಿಗೆ ಐಬಿಸ್, ಮತ್ತು ಗೋಣಿಯ ಕಥೆ

ಐಬಿಸ್ ಶುರುವಾದದ್ದು 2015ರಲ್ಲಿ, ಶುರು ಮಾಡಿದವರು ಪಾಂಡಾಸ್‌ನ ಮೆಕಿನ್ನಿಯೇ. ಪೈಥಾನ್‌ನಲ್ಲಿ ಬರೆದ ಒಂದೇ ಕೋಡು ಡಕ್‌ಡಿಬಿ, ಪೋಸ್ಟ್‌ಗ್ರೆಸ್, ಬಿಗ್‌ಕ್ವೆರಿ ಮೊದಲಾದ ಡೇಟಾಬೇಸುಗಳಿಗೆಲ್ಲ ಎಸ್‌ಕ್ಯೂಎಲ್ ಆಗಿ ಹೋಗುತ್ತದೆ. ಗೊತ್ತಿಲ್ಲದ ಕೆಲಸ ಹೇಳಿದರೆ ಇದು ದಾಟಿಸುವುದಿಲ್ಲ, ‘ಈ ಡೇಟಾಬೇಸಿನಲ್ಲಿ ಇದಕ್ಕೆ ಅನುವಾದ ಇಲ್ಲ’ ಎಂದು ಮುಷ್ಕರ ಹೂಡುತ್ತದೆ. ಕಾಲಮ್ಮಿನ ಬಗೆ ಮೊದಲೇ ಗೊತ್ತಿರುವುದರಿಂದ ಪಠ್ಯವನ್ನು ಸಂಖ್ಯೆಗೆ ಕೂಡಲು ಹೊರಟರೆ ಕ್ವೆರಿ ಕಳಿಸುವ ಮೊದಲೇ ನಿಲ್ಲಿಸುತ್ತದೆ. ಕೂಗುವ ಗುಣಕ್ಕೆ ಇದಕ್ಕೇ ಹೆಚ್ಚು ಅಂಕ ಕೊಡಬೇಕು. ವಾರದ ದಿನದಂಥ ಕಿರಿಕಿರಿಯನ್ನೂ ಇದು ನೀಗಿಸಿದೆ. ಸೋಮವಾರ ಪಾಂಡಾಸ್‌ಗೆ 0. ಪೋಸ್ಟ್‌ಗ್ರೆಸ್‌ನ ‘ಡಿಓಡಬ್ಲ್ಯು’ ಪ್ರಕಾರ 1, ಅಲ್ಲಿ ಭಾನುವಾರ 0. ಮೈಎಸ್‌ಕ್ಯೂಎಲ್‌ನ ‘ಡೇ ಆಫ್ ವೀಕ್’ ಪ್ರಕಾರ 2. ಐಬಿಸ್‌ನಲ್ಲಿ ಯಾವ ಡೇಟಾಬೇಸಾದರೂ ಸೋಮವಾರ 0. ಯಾವ ವಾರದ ಸಂತೆಗೆ ಎಷ್ಟು ಮಾಲು ಬಂತು ಎಂದು ನೋಡುವವರಿಗೆ ಇದು ದೊಡ್ಡ ಉಪಕಾರ.

ಅಪಾಯ ಇರುವುದು ಅದರ ಮುಖಚಹರೆಯಲ್ಲಿ. ನೋಡಲು ಪಾಂಡಾಸ್, ಒಳಗೆ ಎಸ್‌ಕ್ಯೂಎಲ್. != ಬರೆದರೆ ಅದು <> ಆಗುತ್ತದೆ, ಬಗೆ ಬರೆಯದ ಲಾಟು ಮಾಯವಾಗುತ್ತದೆ. ಸರದಿಯನ್ನು ನೀವೇ ಕೊಡಬೇಕು.

ಈಗ ಆ ಮೂರು ವಾರದ ಕಥೆ. ಮಂಡಿಯಲ್ಲಿ ಅಡಿಕೆಯನ್ನು ಗೋಣಿ ಸಮೇತ ತೂಗಿ, ಗೋಣಿಯ ತೂಕ ಕಳೆದು, ಉಳಿದದ್ದಕ್ಕೆ ದರ ಕಟ್ಟುತ್ತಾರೆ. ಪಾಂಡಾಸ್‌ನ ಅಸೈನ್‌ನಲ್ಲಿ ನಾನು ಎರಡು ಹೆಜ್ಜೆ ಬರೆದಿದ್ದೆ: ತೂಕ ಅಂದರೆ ತೂಕದಿಂದ ಗೋಣಿ ಕಳೆದದ್ದು, ಮೊತ್ತ ಅಂದರೆ ತೂಕ ಗುಣಿಸು ದರ. ಅಲ್ಲಿ ಎರಡನೆಯ ಹೆಜ್ಜೆ ನೋಡುವುದು ತಿದ್ದಿದ ತೂಕವನ್ನು. ಇದೇ ಎರಡು ಹೆಜ್ಜೆಯನ್ನು ಐಬಿಸ್‌ನ ಒಂದೇ ಮ್ಯುಟೇಟ್‌ನೊಳಗೆ ಬರೆದೆ. ಅಲ್ಲಿ ಎರಡೂ ಹೆಜ್ಜೆ ನೋಡುವುದು ಮೂಲ ಟೇಬಲ್ಲಿನ ಹಳೆಯ ತೂಕವನ್ನು. ಫಲಿತಾಂಶದಲ್ಲಿ ತೂಕದ ಕಾಲಮ್ ಸರಿ, ದರ ಸರಿ, ಮೊತ್ತ ಮಾತ್ರ ಗೋಣಿಯನ್ನೂ ಅಡಿಕೆಯೆಂದು ಲೆಕ್ಕ ಹಾಕಿದ್ದು. ಕ್ವಿಂಟಲಿಗೆ 50,000 ರೂಪಾಯಿ ದರ, ಗೋಣಿಗೆ ಒಂದು ಕೆಜಿ ಎಂದಿಟ್ಟುಕೊಂಡರೆ ಚೀಲಕ್ಕೆ 500 ರೂಪಾಯಿ ಹೆಚ್ಚು. 40 ಚೀಲದ ಲಾಟಿಗೆ 20,000. ರೈತರ ಹಣದ ಪಟ್ಟಿ ಮಾಡುವ ಲೆಕ್ಕ ಬೇರೆ ಪುಸ್ತಕದಲ್ಲಿದ್ದದ್ದರಿಂದ ಯಾರಿಗೂ ಹಣ ತಪ್ಪಿ ಹೋಗಲಿಲ್ಲ, ನನ್ನ ವರದಿಯ ಮರ್ಯಾದೆ ಮಾತ್ರ ಹೋಯಿತು.

ಇದು ಐಬಿಸ್‌ನ ತಪ್ಪೇ? ಅಲ್ಲ. ಕೈಯಾರೆ ಬರೆದ ಸೆಲೆಕ್ಟ್‌ನಲ್ಲೂ ಹೀಗೇ ಆಗುತ್ತದೆ, ಪೋಲಾರ್ಸ್ ಎಂಬ ಇನ್ನೊಂದು ಡೇಟಾಫ್ರೇಮ್ ಸಾಧನದ ವಿತ್‌ಕಾಲಮ್ಸ್‌ನಲ್ಲೂ ಹೀಗೇ. ತಿದ್ದಿದವನು ಡಿಬಿಪ್ಲೈಯರ್ ಬಳಸಿದ್ದರೆ ಮಾತ್ರ ಬಚಾವ್. ಆಮೇಲೆ ನಾನು ಮಾಡಿಕೊಂಡ ನಿಯಮ ಎರಡು. ಒಂದು ಮ್ಯುಟೇಟ್‌ನಲ್ಲಿ ಹುಟ್ಟಿದ್ದನ್ನು ಮುಂದಿನ ಮ್ಯುಟೇಟ್‌ನಲ್ಲಿ ಮಾತ್ರ ಬಳಸುವುದು. ಹಳೆಯ ಹೆಸರಿನ ಮೇಲೆ ಹೊಸ ಬೆಲೆ ಬರೆಯದಿರುವುದು: ‘ಒಟ್ಟು ತೂಕ’ ಬೇರೆ, ‘ನಿವ್ವಳ ತೂಕ’ ಬೇರೆ. ನಿವ್ವಳ ಎಂದು ಬೇರೆ ಹೆಸರಿಟ್ಟಿದ್ದರೆ ಮೊದಲ ದಿನವೇ ‘ಅಂಥ ಕಾಲಮ್ ಇಲ್ಲ’ ಎಂದು ಐಬಿಸ್ ಕೂಗುತ್ತಿತ್ತು.

ಡಕ್‌ಡಿಬಿ: ಡೇಟಾಬೇಸನ್ನೇ ಮನೆಗೆ ತಂದರೆ

ಐದನೆಯ ದಾರಿ ಸ್ವಲ್ಪ ಓರೆಯದು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 2019ರಲ್ಲಿ ಹೊರಬಂದ, 2024ರಲ್ಲಿ 1.0 ಮುಟ್ಟಿದ ಡಕ್‌ಡಿಬಿಗೆ ಸರ್ವರ್ ಬೇಡ. ಪೈಥಾನ್ ಒಳಗೇ ಕೂತು ಪಾರ್ಕೆಟ್ ಎಂಬ ಬಗೆಯ ದತ್ತಾಂಶ ಕಡತವನ್ನೂ, ನಿಮ್ಮ ಪಾಂಡಾಸ್ ಡೇಟಾಫ್ರೇಮನ್ನೂ ಹೆಸರು ಹಿಡಿದು ಎಸ್‌ಕ್ಯೂಎಲ್‌ನಲ್ಲಿ ಓದುತ್ತದೆ. ಪೋಸ್ಟ್‌ಗ್ರೆಸ್‌ಗೂ ಕೊಂಡಿ ಹಾಕಿಕೊಳ್ಳುತ್ತದೆ. ರಾತ್ರಿ ನೆಟ್ ಇದ್ದಾಗ ಒಮ್ಮೆ ಪಾರ್ಕೆಟ್‌ಗೆ ಇಳಿಸಿಟ್ಟರೆ, ಹಗಲು ಟವರ್ ಇರಲಿ ಬಿಡಲಿ, ಕೆಲಸ ನಡೆಯುತ್ತದೆ. ಹೊಸನಗರದ ಕಡೆಯ ನನ್ನ ಗೆಳೆಯರೊಬ್ಬರು ಇಡೀ ಜುಲೈ ಹೀಗೇ ದಾಟಿಸುತ್ತಾರೆ.

ಅನುವಾದದ ದೃಷ್ಟಿಯಿಂದ ಇದರ ಲಾಭ ಬೇರೆ ಇದೆ. ಪಾಂಡಾಸ್‌ನಿಂದ ಎಸ್‌ಕ್ಯೂಎಲ್‌ಗೆ ಒಂದೊಂದೇ ಹೆಜ್ಜೆ ದಾಟಿಸಿ, ಪ್ರತಿ ಹೆಜ್ಜೆಗೂ ಎರಡೂ ಉತ್ತರವನ್ನು ಒಂದೇ ಜಾಗದಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು. ಇಲ್ಲಿ / ಅಂದರೆ ದಶಮಾಂಶ ಭಾಗಾಕಾರ, ಪೂರ್ಣಾಂಕಕ್ಕೆ // ಇದೆ. ಜೋಡಣೆಯಲ್ಲಿ ನಲ್ ಕೊನೆಗೇ ಹೋಗುತ್ತದೆ. ಪಾಂಡಾಸ್‌ನಿಂದ ಬಂದವರಿಗೆ ಎಡವುವ ಕಲ್ಲು ಕಡಿಮೆ. ಆದರೆ ಇದೇ ಗುಣ ಒಂದು ಬಲೆಯೂ ಹೌದು: ಡಕ್‌ಡಿಬಿಯಲ್ಲಿ ಪರೀಕ್ಷೆ ಮಾಡಿ ಗೆದ್ದ ಕ್ವೆರಿ ಪೋಸ್ಟ್‌ಗ್ರೆಸ್‌ನಲ್ಲಿ ಹಾಗೇ ಗೆಲ್ಲುತ್ತದೆ ಎಂದು ನಂಬಿದರೆ ಆ ಐದು ಖಾಲಿ ಸಾಲು ಮತ್ತೆ ಎದುರಾಗುತ್ತವೆ.

ಯಾವುದೂ ಕಾಪಾಡದ ಜಾಗ: ನಮ್ಮ ಅಕ್ಷರ, ನಮ್ಮ ಗಡಿಯಾರ

ಇಲ್ಲಿಯವರೆಗಿನದು ಯಾವ ದೇಶದವರಿಗಾದರೂ ಆಗುವ ತಪ್ಪು. ಕನ್ನಡದಲ್ಲಿ ಊರು, ಅಡಿಕೆ ಬಗೆಗಳ ಹೆಸರು ಇಟ್ಟುಕೊಂಡವರಿಗೆ ಇನ್ನಷ್ಟಿದೆ, ಅದನ್ನು ಐದು ದಾರಿಯಲ್ಲಿ ಯಾವುದೂ ತಡೆಯುವುದಿಲ್ಲ.

‘ಅಡಿಕೆ’ ಎಷ್ಟು ಅಕ್ಷರ? ನಮಗೆ ಮೂರು. ಪೈಥಾನ್‌ಗೆ ಐದು, ಏಕೆಂದರೆ ಗುಡಿಸು ಮತ್ತು ಎತ್ವ ಬೇರೆ ಬೇರೆ ಎಣಿಕೆ. ಪೋಸ್ಟ್‌ಗ್ರೆಸ್‌ನ ಲೆಂತ್‌ಗೂ ಐದು. ಮೈಎಸ್‌ಕ್ಯೂಎಲ್‌ನ ಲೆಂತ್‌ಗೆ 15, ಅದು ಬೈಟ್ ಎಣಿಸುತ್ತದೆ, ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟು. ಡಕ್‌ಡಿಬಿಯಲ್ಲಿ ಮಾತ್ರ ‘ಲೆಂತ್ ಗ್ರಾಫೀಮ್’ ಎಂಬ ಬೇರೆ ಫಂಕ್ಷನ್ ಇದೆ. ಅದಕ್ಕೆ ನಮ್ಮ ಹಾಗೆ ಮೂರು.

ಅಕಾರಾದಿ ಜೋಡಣೆಯಲ್ಲಿ ಪಾಂಡಾಸ್ ಯೂನಿಕೋಡ್ ಸಂಕೇತದ ಸರದಿ ಹಿಡಿಯುತ್ತದೆ. ಅಲ್ಲಿ ‘ಳ’ ಕೂತಿರುವುದು ‘ಲ’ದ ಪಕ್ಕ, ‘ವ’ಕ್ಕೂ ಮೊದಲು. ವರ್ಣಮಾಲೆಯಲ್ಲಿ ಅದರ ಜಾಗ ‘ಹ’ದ ಆಚೆ. ಹಾಗಾಗಿ ಪಾಂಡಾಸ್‌ನಲ್ಲಿ ಬಳ್ಳಿಗಾವಿ ಬಸವಾನಿಗಿಂತ ಮುಂದೆ, ನಿಘಂಟಿನ ಕ್ರಮದಲ್ಲಿ ಹಿಂದೆ. ಡೇಟಾಬೇಸ್ ಯಾವುದನ್ನು ಹಿಡಿಯುತ್ತದೆ ಎಂಬುದು ಅದಕ್ಕೆ ಹಾಕಿರುವ ಕೊಲೇಶನ್ (ಅಕ್ಷರ ಜೋಡಣೆಯ ನಿಯಮ) ಮೇಲಿದೆ.

ಹಳೆಯ ಆಸ್ಕಿ ಫಾಂಟಿನ ಕಡತವನ್ನು ಯೂನಿಕೋಡಿಗೆ ತಿರುಗಿಸಿದ ಪಟ್ಟಿ ಸಿಕ್ಕಿದರಂತೂ ‘ತೀರ್ಥಹಳ್ಳಿ’ ಎರಡಾಗುತ್ತದೆ. ಮೊದಲಕ್ಷರದ ‘ತೀ’ ಒಂದು ಕಡೆ ಒಂದೇ ದೀರ್ಘ ಚಿಹ್ನೆಯಿಂದ ಆಗಿರುತ್ತದೆ, ಇನ್ನೊಂದು ಕಡೆ ಗುಡಿಸಿನ ಪಕ್ಕ ದೀರ್ಘವನ್ನು ಬೇರೆಯಾಗಿ ಅಂಟಿಸಿ ಆಗಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಗುಂಪು ಮಾಡಿದರೆ ಎರಡು ಊರು. ಸೊರಬ, ಹೊಸನಗರಗಳ ಒತ್ವದಲ್ಲೂ ಇದೇ ರಗಳೆ. ಪೈಥಾನ್‌ನಲ್ಲಿ ಇಂಥ ಎರಡನ್ನೂ ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತರುವ ಒಂದು ಸಾಲು ಬರೆದು ಮರೆತುಬಿಟ್ಟಿರುತ್ತೇವೆ. ಕ್ವೆರಿಗೆ ದಾಟಿಸುವಾಗ ಅದು ಹಿಂದೆಯೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ‘ನಾರ್ಮಲೈಸ್’ ಇದೆ, ಬಳಸಿ. ಟೇಬಲ್ಲಿಗೆ ತುಂಬುವಾಗಲೇ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು.

ಕನ್ನಡ ಅಂಕಿಯ ಆಟ ಮಜವಾಗಿದೆ. ಪೈಥಾನ್‌ನ ಇಂಟ್‌ಗೆ ‘೬೫’ ಕೊಟ್ಟರೆ 65 ಎಂದು ಓದುತ್ತದೆ. ಪೋಸ್ಟ್‌ಗ್ರೆಸ್ ಬೈದು ನಿಲ್ಲಿಸುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಪಠ್ಯವನ್ನು ಸಂಖ್ಯೆ ಮಾಡುವ ‘ಕಾಸ್ಟ್’ ಸದ್ದಿಲ್ಲದೆ 0 ಕೊಡುತ್ತದೆ.

ಗಡಿಯಾರಕ್ಕೆ ಬಂದರೆ, ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಗ್ಗೆ 8:30ಕ್ಕೆ. ಸರ್ವರಿನ ಯುಟಿಸಿ (ಜಾಗತಿಕ ಸಮಯ) ದಿನ ನಮ್ಮ ಬೆಳಗ್ಗೆ 5:30ಕ್ಕೆ ಬದಲಾಗುತ್ತದೆ. ಗೋಡೆ ಗಡಿಯಾರದ ದಿನ ನಡುರಾತ್ರಿಗೆ. ಆಗುಂಬೆಯಲ್ಲಿ ರಾತ್ರಿ ಎರಡಕ್ಕೆ ಸುರಿದ ಮಳೆ ಲ್ಯಾಪ್‌ಟಾಪಿನಲ್ಲಿ ಇಂದಿನದು, ಯುಟಿಸಿಯಲ್ಲಿ ಕೂತ ಪೋಸ್ಟ್‌ಗ್ರೆಸ್‌ನಲ್ಲಿ ನಿನ್ನೆಯದು. ಹೊರಗೆ ಸಮಯದಿಂದ ದಿನ ತೆಗೆಯುವ ‘ಡೇಟ್ ಟ್ರಂಕ್’ ಒಂದೇ ಕಂಡರೂ ಉತ್ತರ ಸೆಷನ್ನಿನ ಟೈಮ್‌ಝೋನ್ ಮೇಲೆ ನಿಂತಿದೆ. ನಾನು ಈಗ ಸಮಯದಿಂದ ಎಂಟೂವರೆ ಗಂಟೆ ಕಳೆದು, ಏಷ್ಯಾ/ಕೋಲ್ಕತ್ತಾ ಎಂದು ಬಾಯಿಬಿಟ್ಟು ಹೇಳಿ, ಆಮೇಲಷ್ಟೇ ದಿನ ತೆಗೆಯುತ್ತೇನೆ.

ಹಾಗಾದರೆ ಯಾವುದು?

ಲ್ಯಾಪ್‌ಟಾಪಿನಲ್ಲಿ ಹಿಡಿಸುತ್ತದೆ ಎಂದರೆ ಪಾಂಡಾಸ್ ಬಿಡಬೇಡಿ. ಹಿಡಿಸುವುದಿಲ್ಲ, ಆದರೆ ದಿನಕ್ಕೊಮ್ಮೆ ಇಳಿಸಿದರೆ ಸಾಕು ಎಂದರೆ ಡಕ್‌ಡಿಬಿ. ಘಟ್ಟದ ಮೇಲಿನ ಊರುಗಳಲ್ಲಿ ಕೂತವರಿಗೆ ನನ್ನ ಮೊದಲ ಸಲಹೆ ಇದೇ. ಆರ್ ಬರುತ್ತದೆ ಎಂದಾದರೆ ಎರಡನೇ ಯೋಚನೆ ಬೇಡ, ಡಿಬಿಪ್ಲೈಯರ್. ಡೇಟಾಫ್ರೇಮಿನ ಅರ್ಥವನ್ನು ಅದರಷ್ಟು ಉಳಿಸಿಕೊಳ್ಳುವ ಅನುವಾದಕ ನಾನು ಬಳಸಿದ್ದರಲ್ಲಿ ಬೇರೆ ಇಲ್ಲ. ಪೈಥಾನ್, ಜೊತೆಗೆ ಡೇಟಾಬೇಸ್ ಮುಂದೆ ಬದಲಾಗಬಹುದು ಎಂದರೆ ಐಬಿಸ್, ಆದರೆ ಪಾಂಡಾಸ್ ಕೋಡನ್ನು ಸಾಲು ಸಾಲಾಗಿ ಅದಕ್ಕೆ ನಕಲು ಮಾಡಬೇಡಿ. ಪ್ರಶ್ನೆಯನ್ನು ಮೊದಲಿಂದ ಅದರ ಭಾಷೆಯಲ್ಲಿ ಬರೆಯಿರಿ. ಎಐಗೆ ಕೊಟ್ಟು ಅನುವಾದ ಮಾಡಿಸುವವರು ಈಗ ಹೆಚ್ಚು. ನಾನೂ ಮಾಡಿಸುತ್ತೇನೆ. ಬರುವ ಎಸ್‌ಕ್ಯೂಎಲ್ ನೋಡಲು ಲಕ್ಷಣವಾಗಿರುತ್ತದೆ, ನಿಮ್ಮ ಟೇಬಲ್ಲಿನಲ್ಲಿ ಎಲ್ಲಿ ಖಾಲಿ ಇದೆ ಎಂಬುದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ.

ಯಾವ ದಾರಿ ಹಿಡಿದರೂ ಪಕ್ಕದಲ್ಲಿ ಒಂದು ಪುಟ್ಟ ಟೇಬಲ್ ಇಟ್ಟುಕೊಳ್ಳಿ. ನನ್ನದಕ್ಕೆ ‘ಕೊಳೆ’ ಎಂದು ಹೆಸರು, ಅಡಿಕೆಗೆ ಬರುವ ರೋಗದ ನೆನಪಿಗೆ. ಬಗೆ ಬರೆಯದ ಲಾಟು, ದರ ಇಲ್ಲದ ದಿನ, ಖಾತೆ ಇಲ್ಲದ ಇಬ್ಬರು ರೈತರು, ಒಂದೇ ದಿನದ ಮೂರು ಲಾಟು, ಎರಡು ಬಗೆಯ ತೀರ್ಥಹಳ್ಳಿ, ರಾತ್ರಿ ಎರಡರ ಮಳೆ ಎಲ್ಲ ಅದರಲ್ಲಿವೆ. ಹೊಸ ಕ್ವೆರಿ ಬರೆದಾಗಲೆಲ್ಲ ಹಳೆ ಕೋಡು, ಹೊಸ ಕ್ವೆರಿ ಎರಡನ್ನೂ ಇದರ ಮೇಲೆ ಓಡಿಸಿ, ಎರಡು ಉತ್ತರದ ನಡುವೆ ಎರಡೂ ದಿಕ್ಕಿಗೆ ‘ಎಕ್ಸೆಪ್ಟ್ ಆಲ್’ (ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು ತೋರಿಸುವುದು) ಹಾಕುತ್ತೇನೆ. ಎಕ್ಸೆಪ್ಟ್ ನಲ್ ಅನ್ನು ನಲ್‌ಗೆ ಸಮ ಎಂದೇ ನೋಡುವುದರಿಂದ ಖಾಲಿಗಳೂ ತಾಳೆಯಾಗುತ್ತವೆ. ಎರಡೂ ಕಡೆ ಸೊನ್ನೆ ಸಾಲು ಬಂದರೆ ಸರ್ವರಿಗೆ ಹೋಗುತ್ತದೆ, ಇಲ್ಲದಿದ್ದರೆ ಚಹಾ ಕುಡಿದು ಬಂದು ಮತ್ತೆ ಕೂರುತ್ತೇನೆ. ಹೋದ ವಾರ ಅದಕ್ಕೆ ಒಂದು ಸಾಲು ಸೇರಿತು: ತೂಕದ ಜಾಗದಲ್ಲಿ ‘೬೫, ಗೋಣಿ ಒದ್ದೆ’ ಎಂದು ಮಂಡಿಯ ಗುಮಾಸ್ತರು ಬರೆದದ್ದು.